ಹೈ-ರೆಸ್ ಧ್ವನಿಯಲ್ಲಿ ಹಳೆಯ ಜಾಝ್, ರಾಕ್: ಅಂಕಿ ನೋಡುವ ಮುನ್ನ ಮೂಲ ಟೇಪು ಯಾವುದೆಂದು ಕೇಳಿ

ಜಾಝ್ ಹಾಗೂ ರಾಕ್ ಸಂಗೀತದ ಹೆಸರಾಂತ ಧ್ವನಿಮುದ್ರಿಕೆಗಳು ಒಂದೇ ಜನ್ಮದಲ್ಲಿ ಹಲವು ಅವತಾರಗಳನ್ನು ಎತ್ತಿವೆ. ಎಲ್.ಪಿ. ತಟ್ಟೆಯ ರೂಪದಲ್ಲಿ ಕೊಂಡದ್ದನ್ನೇ ರಸಿಕರು ಮತ್ತೆ ಕ್ಯಾಸೆಟ್ಟಿನಲ್ಲಿ ಕೊಂಡರು, ಬಳಿಕ ಸಿ.ಡಿ.ಯಲ್ಲಿ ಕೊಂಡರು, ಅನಂತರ ಎಂಪಿ3 ರೂಪದಲ್ಲಿ ಕಂಪ್ಯೂಟರಿಗೆ ಇಳಿಸಿಕೊಂಡರು. ಈಗ ಅದೇ ಹಾಡುಗಳು 'ಹೈ-ರೆಸಲ್ಯೂಷನ್' ಅಥವಾ ಸಂಕ್ಷಿಪ್ತವಾಗಿ 'ಹೈ-ರೆಸ್' ಎಂಬ ಹಣೆಪಟ್ಟಿಯೊಂದಿಗೆ ಮೊಬೈಲಿನವರೆಗೂ ಬಂದಿವೆ. ಆಪಲ್ ಮ್ಯೂಸಿಕ್ ಸಂಸ್ಥೆಯು 2021ರ ಜೂನ್‌ನಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ಈ ಸೌಲಭ್ಯವನ್ನು ಒದಗಿಸಿದ ಮೇಲಂತೂ ಇದು ಸಿರಿವಂತರ ಹವ್ಯಾಸವಾಗಿ ಉಳಿದಿಲ್ಲ.

ಈ ಸಂಗೀತಕ್ಕೆ ಕರ್ನಾಟಕದಲ್ಲಿ ಶ್ರೋತೃಗಳ ಕೊರತೆಯಿಲ್ಲ. ಬೆಂಗಳೂರಿನಲ್ಲಿ 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಹಾಗೂ 2011ರಲ್ಲಿ ಮೆಟಾಲಿಕಾ ತಂಡದ ಕಛೇರಿಗಳು ನಡೆದಿವೆ. ಇಂತಹ ಕಛೇರಿಗಳು ರಾಜಧಾನಿಗೆ ಸೀಮಿತವಾದರೂ ಅಂತರ್ಜಾಲದ ಮೂಲಕ ಬರುವ ಧ್ವನಿಮುದ್ರಣಗಳು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಶ್ರೋತೃವಿಗೂ ಸಮಾನವಾಗಿ ಲಭ್ಯ. ಆದ್ದರಿಂದ ಹೈ-ರೆಸ್ ಎಂದರೇನು, ಅದರಿಂದ ಕಿವಿಗೆ ನಿಜವಾಗಿ ದಕ್ಕುವುದೇನು ಎಂಬುದನ್ನು ಅರಿಯುವುದು ಉಪಯುಕ್ತ.

ಅಂಕಿಗಳ ಅರ್ಥ

ಡಿಜಿಟಲ್ ಧ್ವನಿಮುದ್ರಣದಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿದ್ದು, ಪ್ರತಿ ಅಳತೆಗೆ 16 ಬಿಟ್‌ಗಳಷ್ಟು ಜಾಗ ಮೀಸಲಾಗಿದೆ. ಇದಕ್ಕಿಂತ ಮೇಲ್ಮಟ್ಟದ್ದನ್ನು ಹೈ-ರೆಸ್ ಎಂದು ಕರೆಯುವುದು ರೂಢಿ. 24 ಬಿಟ್ ಹಾಗೂ ಸೆಕೆಂಡಿಗೆ 96,000 ಅಥವಾ 1,92,000 ಅಳತೆಗಳು ಇದರ ಸಾಮಾನ್ಯ ಪ್ರಮಾಣ. ಮಾರಾಟದ ಪುಟಗಳಲ್ಲಿ ಇದನ್ನೇ '24/96', '24/192' ಎಂದು ಬರೆದಿರುತ್ತಾರೆ.

ಈ ಎರಡು ಅಂಕಿಗಳ ಕೆಲಸ ಬೇರೆ ಬೇರೆ. ಅಳತೆಗಳ ಸಂಖ್ಯೆಯು ಎಷ್ಟು ತಾರಕದ ನಾದವನ್ನು ಹಿಡಿಯಬಹುದು ಎಂಬುದನ್ನು ನಿರ್ಧರಿಸುತ್ತದೆ. ಅಳತೆಗಳ ಅರ್ಧದಷ್ಟು ಕಂಪನಗಳವರೆಗಿನ ನಾದವನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂಬುದು ಗಣಿತದ ನಿಯಮ. ಅಂದರೆ ಸಿ.ಡಿ.ಗೆ ಸೆಕೆಂಡಿಗೆ 22,050 ಕಂಪನಗಳವರೆಗೆ ಶಕ್ತಿಯಿದೆ. ಮನುಷ್ಯನ ಕಿವಿಯ ಮಿತಿ ಎಳೆಯ ವಯಸ್ಸಿನಲ್ಲಿ ಸುಮಾರು 20,000 ಕಂಪನಗಳು. ವಯಸ್ಸಾದಂತೆ ಈ ಮಿತಿ ಇಳಿಯುತ್ತ ಹೋಗುತ್ತದೆ. ಬಿಟ್‌ಗಳ ಸಂಖ್ಯೆಯು ಅತಿ ಮೆಲುದನಿಗೂ ಅತಿ ಗಟ್ಟಿದನಿಗೂ ನಡುವಣ ಅಂತರವನ್ನು ನಿರ್ಧರಿಸುತ್ತದೆ. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್‌ನಂತೆ 16 ಬಿಟ್‌ಗೆ 96, 24 ಬಿಟ್‌ಗೆ 144 ಡೆಸಿಬೆಲ್ ಅಂತರ ತಾತ್ವಿಕವಾಗಿ ದೊರೆಯುತ್ತದೆ.

1950 ಮತ್ತು 60ರ ದಶಕದ ಧ್ವನಿಮುದ್ರಣಗಳೆಲ್ಲ ಕಾಂತೀಯ ಟೇಪಿನಲ್ಲಿ ಆದವು. ಅಂದಿನ ಟೇಪಿಗೆ ತನ್ನದೇ ಆದ 'ಹಿಸ್' ಸದ್ದಿದ್ದು, ಅದು ಹಿಡಿಯಬಲ್ಲ ಅಂತರ ಸುಮಾರು 60ರಿಂದ 70 ಡೆಸಿಬೆಲ್. ಹೀಗಾಗಿ ಟೇಪಿನಲ್ಲಿರುವುದನ್ನು ಸರಿಯಾಗಿ ವರ್ಗಾಯಿಸಿದರೆ ಸಿ.ಡಿ.ಯ ಪಾತ್ರೆಯಲ್ಲೇ ಅದು ಹಿಡಿಸುತ್ತದೆ. ಪಾತ್ರೆಯನ್ನು ಹಿಗ್ಗಿಸಿದ ಮಾತ್ರಕ್ಕೆ ಹಾಲು ಹೆಚ್ಚಾಗದು.

ಪಾತ್ರೆ ಹಿಗ್ಗಿದಾಗ ಜಾಗವಂತೂ ಬೇಕಾಗುತ್ತದೆ. 45 ನಿಮಿಷಗಳ ಒಂದು ಆಲ್ಬಮ್ ಸಿ.ಡಿ. ಗುಣಮಟ್ಟದಲ್ಲಿ ಸುಮಾರು 476 ಮೆಗಾಬೈಟ್, 24/96ರಲ್ಲಿ ಸುಮಾರು 1.55 ಗಿಗಾಬೈಟ್, 24/192ರಲ್ಲಿ ಸುಮಾರು 3.1 ಗಿಗಾಬೈಟ್ ಆಗುತ್ತದೆ. ಏನನ್ನೂ ಕಳೆಯದೆ ಮಡಿಸಿಡುವ 'ಫ್ಲಾಕ್' ವಿಧಾನದಲ್ಲಿ ಈ ಗಾತ್ರ ಸಾಕಷ್ಟು ಕುಗ್ಗುತ್ತದೆ. ಉನ್ನತ ದರ್ಜೆಯ ಎಂಪಿ3ಯಲ್ಲಿ ಇದೇ ಆಲ್ಬಮ್ ಸುಮಾರು 108 ಮೆಗಾಬೈಟ್ ಮಾತ್ರ. ಆದರೆ ಅಲ್ಲಿ ಕಿವಿಗೆ ತಿಳಿಯಲಾರದೆಂದು ಲೆಕ್ಕ ಹಾಕಿದ ಭಾಗಗಳನ್ನು ಕಳೆದುಹಾಕಲಾಗಿರುತ್ತದೆ.

ಕಿವಿಯ ಸಾಕ್ಷ್ಯ

ಈ ವಾದವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಅಮೆರಿಕದ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ನಿಯತಕಾಲಿಕದಲ್ಲಿ 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ಹೈ-ರೆಸ್ ಧ್ವನಿಯನ್ನು ನೇರವಾಗಿಯೂ ಸಿ.ಡಿ. ಮಟ್ಟಕ್ಕೆ ಇಳಿಸಿಯೂ ಕೇಳಿಸಲಾಯಿತು. ಯಾವುದು ಯಾವುದೆಂದು ಶ್ರೋತೃಗಳಿಗೆ ತಿಳಿಸಿರಲಿಲ್ಲ. 554 ಪ್ರಯತ್ನಗಳಲ್ಲಿ 276 ಬಾರಿ ಉತ್ತರ ಸರಿಯಾಯಿತು. ನಾಣ್ಯ ಚಿಮ್ಮಿ ಉತ್ತರಿಸಿದ್ದರೂ ಇಷ್ಟೇ ಸರಿಯಾಗುತ್ತಿತ್ತು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಅವರು 2016ರಲ್ಲಿ ಇಂತಹ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರಗಳ ಪ್ರಮಾಣ ಶೇ. 52.3ರಷ್ಟಿತ್ತು. ತರಬೇತಿ ಪಡೆದ ಕೇಳುಗರಲ್ಲಿ ಅದು ಶೇ. 60ರ ಆಸುಪಾಸಿಗೆ ಏರಿತ್ತು. ಅಂದರೆ ವ್ಯತ್ಯಾಸವೇ ಇಲ್ಲವೆನ್ನಲಾಗದು. ಇದ್ದರೂ ಅದು ಅತಿ ಸೂಕ್ಷ್ಮ.

2022ರ ಇನ್ನೊಂದು ಪ್ರಸಂಗವೂ ಇಲ್ಲಿ ಉಲ್ಲೇಖಾರ್ಹ. ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ದುಬಾರಿ ಎಲ್.ಪಿ.ಗಳನ್ನು ಡಿಜಿಟಲ್ ಸೋಂಕಿಲ್ಲದ ಅಪ್ಪಟ ಅನಲಾಗ್ ಎಂದೇ ರಸಿಕರು ನಂಬಿ ಕೊಂಡಾಡುತ್ತಿದ್ದರು. ಆದರೆ ಹಲವು ವರ್ಷಗಳಿಂದ ಮೂಲ ಟೇಪನ್ನು ಮೊದಲು ಹೈ-ರೆಸ್ ಡಿಜಿಟಲ್ ಕಡತವಾಗಿಸಿ ಅದರಿಂದಲೇ ತಟ್ಟೆಗಳನ್ನು ತಯಾರಿಸಲಾಗುತ್ತಿತ್ತೆಂಬುದು ಆ ವರ್ಷ ಬಯಲಾಯಿತು. ಅನಲಾಗ್ ಧ್ವನಿಯ ಮಾಧುರ್ಯವೆಂದು ಕಿವಿಗಳು ಮೆಚ್ಚಿದ್ದು ಡಿಜಿಟಲ್ ಪ್ರತಿಯನ್ನೇ ಆಗಿತ್ತು.

ಮೂವತ್ತು ವರ್ಷ ಉಳಿದ ಶ್ರುತಿದೋಷ

ಹಾಗಾದರೆ ಒಂದೇ ಆಲ್ಬಮ್ಮಿನ ಎರಡು ಮುದ್ರಣಗಳ ನಡುವೆ ಕೆಲವೊಮ್ಮೆ ಅಜಗಜಾಂತರ ಕೇಳಿಬರುವುದೇಕೆ? ಜಾಝ್ ಇತಿಹಾಸದ ಅತಿ ಪ್ರಸಿದ್ಧ ಧ್ವನಿಮುದ್ರಿಕೆಯೇ ಇದಕ್ಕೆ ಉತ್ತರ ಕೊಡುತ್ತದೆ.

ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊದಲ್ಲಿ ಮುದ್ರಣಗೊಂಡಿತು. ಹಿಂದೆ ಚರ್ಚ್ ಆಗಿದ್ದ ಆ ಕಟ್ಟಡದ ಎತ್ತರದ ಚಾವಣಿಯಿಂದಾಗಿ ವಾದ್ಯಗಳ ನಾದಕ್ಕೆ ವಿಶಿಷ್ಟವಾದ ಗುಂಗು ಒದಗಿತ್ತು. ಜಾನ್ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ, ಬಿಲ್ ಇವಾನ್ಸ್, ವಿಂಟನ್ ಕೆಲ್ಲಿ, ಪಾಲ್ ಚೇಂಬರ್ಸ್ ಹಾಗೂ ಜಿಮ್ಮಿ ಕಾಬ್ ಸಹವಾದಕರು. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರವು ನಿಗದಿಗಿಂತ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಹೀಗೆ ಮೊದಲ ಬದಿಯ ಮೂರೂ ಕೃತಿಗಳು ಏರಿದ ಶ್ರುತಿಯಲ್ಲೇ ಅಚ್ಚಾದವು. ದಾಖಲೆಯೊಂದಿಗೆ ಕುಳಿತು ಅಭ್ಯಾಸ ಮಾಡಿದ ತಲೆಮಾರುಗಳ ವಿದ್ಯಾರ್ಥಿಗಳಿಗೆ ತಮ್ಮ ವಾದ್ಯದ ಶ್ರುತಿ ಕೂಡುತ್ತಿರಲಿಲ್ಲ. ಅದೃಷ್ಟವಶಾತ್ ಅಂದು ಎರಡನೆಯ ಯಂತ್ರವೊಂದು ಸರಿಯಾದ ವೇಗದಲ್ಲಿ ಓಡಿತ್ತು. ಮುನ್ನೆಚ್ಚರಿಕೆಗೆಂದು ತೆಗೆದಿಟ್ಟ ಆ ಟೇಪನ್ನು ಬಳಸಿ 1990ರ ದಶಕದಲ್ಲಿ ದೋಷವನ್ನು ಸರಿಪಡಿಸಲಾಯಿತು.

ದೋಷವಿದ್ದ ಟೇಪನ್ನು 24/192ರಲ್ಲಿ ನಕಲು ಮಾಡಿದ್ದರೆ ದೋಷವೂ ಅಷ್ಟೇ ಸ್ಪಷ್ಟವಾಗಿ ಉಳಿಯುತ್ತಿತ್ತು. ಸರಿಯಾದ ಟೇಪಿನಿಂದ ತೆಗೆದ ಸಾಧಾರಣ ಸಿ.ಡಿ. ಅದಕ್ಕಿಂತ ಸತ್ಯಕ್ಕೆ ಹತ್ತಿರ. ಯಾವ ಟೇಪು, ಯಾವ ಯಂತ್ರ, ಯಾರ ಕೈ ಎಂಬ ಮೂರು ಪ್ರಶ್ನೆಗಳು ಬಿಟ್‌ಗಳ ಲೆಕ್ಕಕ್ಕಿಂತ ಮೊದಲು ಬರಬೇಕಾದವು.

ರಾಕ್ ಸಂಗೀತ: ಗಟ್ಟಿದನಿಯ ಪೈಪೋಟಿ

ರಾಕ್ ಧ್ವನಿಮುದ್ರಿಕೆಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆ. 1990ರ ದಶಕದಿಂದೀಚೆಗೆ ರೇಡಿಯೊದಲ್ಲಿ ತಮ್ಮ ಹಾಡೇ ಜೋರಾಗಿ ಕೇಳಬೇಕೆಂಬ ಪೈಪೋಟಿಯಲ್ಲಿ ಮೆಲುದನಿಯನ್ನು ಎತ್ತಿ, ಗಟ್ಟಿದನಿಯನ್ನು ಒತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಪದ್ಧತಿ ಬೆಳೆಯಿತು. ಇದನ್ನು 'ಲೌಡ್‌ನೆಸ್ ವಾರ್' ಎನ್ನುತ್ತಾರೆ. 2008ರಲ್ಲಿ ಬಿಡುಗಡೆಯಾದ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಇದರ ಪರಾಕಾಷ್ಠೆ. ಅದೇ ಹಾಡುಗಳು 'ಗಿಟಾರ್ ಹೀರೊ' ಎಂಬ ವಿಡಿಯೊ ಆಟದಲ್ಲಿ ಅಷ್ಟು ಒತ್ತಡಕ್ಕೆ ಸಿಲುಕದೆ ಕೇಳಿಬಂದಾಗ ಅಭಿಮಾನಿಗಳಿಗೆ ವ್ಯತ್ಯಾಸ ಅರಿವಾಯಿತು. ಆಲ್ಬಮ್ಮನ್ನು ಮರಳಿ ಸಿದ್ಧಪಡಿಸಬೇಕೆಂದು ಸಾವಿರಾರು ಮಂದಿ ಸಹಿ ಹಾಕಿ ಒತ್ತಾಯಿಸಿದರು. ಹೀಗೆ ಒತ್ತಿ ಚಪ್ಪಟೆ ಮಾಡಿದ ಧ್ವನಿಯನ್ನು 24 ಬಿಟ್‌ನಲ್ಲಿ ತುಂಬಿಕೊಟ್ಟರೆ ಪ್ರಯೋಜನವೇನೂ ಇಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, 1973ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ನಿಶ್ಶಬ್ದದಿಂದ ಮೆಲ್ಲನೆ ಹೊಮ್ಮುವ ಎದೆಬಡಿತದೊಂದಿಗೆ ಆರಂಭವಾಗುತ್ತದೆ. ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಅಲನ್ ಪಾರ್ಸನ್ಸ್ ಎಂಜಿನಿಯರ್ ಆಗಿ ಮುದ್ರಿಸಿದ ಈ ಕೃತಿಯಲ್ಲಿ 'ಟೈಮ್' ಹಾಡಿಗೆ ಮುನ್ನ ಗಡಿಯಾರಗಳೆಲ್ಲ ಒಮ್ಮೆಗೇ ಮೊಳಗುತ್ತವೆ. ಆ ಬೆಚ್ಚಿಬೀಳಿಸುವ ಕ್ಷಣಕ್ಕೆ ಮೊದಲಿನ ಮೌನವೇ ಶಕ್ತಿ. ಒಳ್ಳೆಯ ಮುದ್ರಣವನ್ನು ಗುರುತಿಸಲು ಈ ಭಾಗ ಉತ್ತಮ ಒರೆಗಲ್ಲು. ಮೌನವು ಮೌನವಾಗಿ ಉಳಿದಿದೆಯೇ, ಗಡಿಯಾರಗಳು ಒಂದರಿಂದ ಒಂದು ಬೇರ್ಪಟ್ಟು ಕೇಳುತ್ತವೆಯೇ ಎಂಬುದನ್ನು ಗಮನಿಸಬೇಕು.

'ರೀಮಾಸ್ಟರ್' ಹಾಗೂ 'ರೀಮಿಕ್ಸ್' ಎಂಬ ಪದಗಳ ಭೇದವನ್ನೂ ಅರಿತಿರಬೇಕು. ಸಿದ್ಧವಾದ ಅಂತಿಮ ಟೇಪಿನ ಧ್ವನಿಯನ್ನು ಹದಗೊಳಿಸುವುದು ರೀಮಾಸ್ಟರ್. ಗಾಯನ, ಗಿಟಾರ್, ಡ್ರಮ್‌ಗಳ ಬಿಡಿ ಪಟ್ಟಿಗಳನ್ನು ಹೊರತೆಗೆದು ಮತ್ತೆ ಬೆರೆಸುವುದು ರೀಮಿಕ್ಸ್. ಬೀಟಲ್ಸ್ ತಂಡದ 1966ರ 'ರಿವಾಲ್ವರ್' ಕೇವಲ ನಾಲ್ಕು ಪಟ್ಟಿಗಳ ಟೇಪಿನಲ್ಲಿ ಮುದ್ರಣಗೊಂಡಿತ್ತು. ಒಂದೇ ಪಟ್ಟಿಯಲ್ಲಿ ಬೆಸೆದುಹೋಗಿದ್ದ ವಾದ್ಯಗಳನ್ನು ಕಂಪ್ಯೂಟರ್ ತಂತ್ರದಿಂದ ಬಿಡಿಸಿ 2022ರಲ್ಲಿ ಹೊಸ ಮಿಶ್ರಣವನ್ನು ಹೊರತರಲಾಯಿತು. ಅದು ಕೇಳಲು ಹಿತವಾಗಿರಬಹುದು. ಆದರೆ 1966ರ ಶ್ರೋತೃ ಕೇಳಿದ ಕೃತಿ ಅದಲ್ಲ. ಎರಡನ್ನೂ ಕೇಳಿ ತೀರ್ಮಾನಿಸುವುದು ಲೇಸು.

ಬೆಂಗಳೂರಿನ ಮೃದಂಗ, ಬಾಸ್ಟನ್ನಿನ ಸ್ಯಾಕ್ಸೊಫೋನ್

ಜಾಝ್ ಧ್ವನಿಮುದ್ರಣದ ಇತಿಹಾಸದಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದ ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಈ ಸಂಸ್ಥೆಯ ಕಲಾವಿದರೊಡನೆ ದೀರ್ಘಕಾಲ ಒಡನಾಡಿದರು. ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಖ್ಯಾತ ಆಲ್ಬಮ್ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯಲ್ಲಿ ನುಡಿಸಿದ್ದ ಮಾರಿಯಾನೊ ನಮ್ಮ ನಾಗಸ್ವರವನ್ನೂ ಕಲಿತಿದ್ದರು. ಇವರೆಲ್ಲ ಸೇರಿ ರೂಪಿಸಿದ 'ಜ್ಯೋತಿ' ಆಲ್ಬಮ್ಮನ್ನು ಜರ್ಮನಿಯ ಮ್ಯೂನಿಕ್‌ನ ಇ.ಸಿ.ಎಂ. ಸಂಸ್ಥೆ 1983ರಲ್ಲಿ ಹೊರತಂದಿತು. ಆರ್.ಎ. ರಮಾಮಣಿ ಅವರ ಗಾಯನ ಅದರ ಜೀವಾಳ. ಮಾರಿಯಾನೊ 2009ರಲ್ಲಿ ನಿಧನರಾದರು.

ವಾದ್ಯಗಳ ನಡುವಣ ಮೌನಕ್ಕೂ ನಾದದಷ್ಟೇ ಬೆಲೆ ಕೊಡುವುದು ಇ.ಸಿ.ಎಂ. ಸಂಸ್ಥೆಯ ವೈಶಿಷ್ಟ್ಯ. ಕನ್ನಡದ ಶ್ರೋತೃವಿಗೆ 'ಜ್ಯೋತಿ' ವಿಶೇಷ ಪಾಠವಾಗಬಲ್ಲದು. ಏಕೆಂದರೆ ತಂಬೂರಿ, ಮೃದಂಗ, ಘಟಗಳ ನಿಜವಾದ ನಾದವನ್ನು ನಮ್ಮ ಕಿವಿ ಕಛೇರಿಗಳಲ್ಲಿ ಕೇಳಿ ಬಲ್ಲದು. ತಂಬೂರಿಯ ಜೀವಾಳದ ಝೇಂಕಾರ, ಮೃದಂಗದ ಬಲದ 'ನಂ' ಮತ್ತು ಎಡದ 'ತೊಂ' ಕಾರಗಳ ಭೇದ, ಸ್ಯಾಕ್ಸೊಫೋನಿನಲ್ಲಿ ಕೇಳುವ ಉಸಿರು ಇವು ಸಹಜವಾಗಿ ಬಂದರೆ ಆ ಪ್ರತಿ ಒಳ್ಳೆಯದು. ಪರಿಚಿತ ವಾದ್ಯದಿಂದ ತಿದ್ದಿಕೊಂಡ ಕಿವಿಯನ್ನು ಅನಂತರ ಅಪರಿಚಿತ ವಾದ್ಯಗಳತ್ತ ತಿರುಗಿಸಬಹುದು.

ಡೇವ್ ಬ್ರೂಬೆಕ್ ತಂಡದ 1959ರ 'ಟೈಮ್ ಔಟ್' ಅಂತಹ ಮುಂದಿನ ಮೆಟ್ಟಿಲು. 1958ರಲ್ಲಿ ಈ ತಂಡ ಭಾರತ ಪ್ರವಾಸ ಮಾಡಿ ಮದರಾಸಿನಲ್ಲೂ ಕಛೇರಿ ನೀಡಿತ್ತು. ಮರುವರ್ಷ ಅದೇ 30ನೇ ಬೀದಿಯ ಸ್ಟುಡಿಯೊದಲ್ಲಿ ಮುದ್ರಣಗೊಂಡ 'ಟೇಕ್ ಫೈವ್' ಐದೆಣಿಕೆಯ ಲಯದಲ್ಲಿದೆ. ಖಂಡ ಗತಿಯ ಪರಿಚಯವಿರುವವರು ಕೈಯಲ್ಲಿ ಎಣಿಸುತ್ತಲೇ ಕೇಳಬಹುದು. ಜೋ ಮೊರೆಲೊ ಅವರ ಡ್ರಮ್ ವಾದನದಲ್ಲಿ ಪ್ರತಿ ಪೆಟ್ಟಿನ ಬಳಿಕ ಆ ವಿಶಾಲ ಕೊಠಡಿಯಲ್ಲಿ ನಾದ ಹರಡಿ ಅಡಗುವುದನ್ನು ಆಲಿಸಬೇಕು. ಹೀನ ದರ್ಜೆಯ ಎಂಪಿ3ಯಲ್ಲಿ ಮೊದಲು ಮಾಯವಾಗುವುದು ಇಂತಹ ಸೂಕ್ಷ್ಮಗಳೇ.

ಕೇಳುವ ಸಿದ್ಧತೆ

ದುಬಾರಿ ಉಪಕರಣಗಳನ್ನು ಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ಗಮನದಲ್ಲಿಡುವುದು ಒಳಿತು.

ಮೊದಲನೆಯದಾಗಿ, ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನ್‌ಗಳು ಸಾಮಾನ್ಯವಾಗಿ ಧ್ವನಿಯನ್ನು ಮತ್ತೆ ಕುಗ್ಗಿಸಿಯೇ ಸಾಗಿಸುತ್ತವೆ. ಹೈ-ರೆಸ್ ಕಡತವನ್ನು ತೆರೆದು ಬ್ಲೂಟೂತ್ ಮೂಲಕ ಕೇಳಿದರೆ ಆ ಹಣೆಪಟ್ಟಿ ಬಹುಮಟ್ಟಿಗೆ ನಿರರ್ಥಕ. ತಂತಿಯಿರುವ ಒಳ್ಳೆಯ ಹೆಡ್‌ಫೋನ್ ಹೆಚ್ಚು ಫಲ ನೀಡುತ್ತದೆ. ಅನೇಕ ಮೊಬೈಲ್‌ಗಳಿಗೆ 24/96 ಅಥವಾ 24/192ನ್ನು ಪೂರ್ಣವಾಗಿ ನುಡಿಸಲು 'ಡ್ಯಾಕ್' ಎಂಬ ಪುಟ್ಟ ಹೊರ ಉಪಕರಣವೂ ಬೇಕಾಗುತ್ತದೆ.

ಎರಡನೆಯದಾಗಿ, ಎರಡು ಪ್ರತಿಗಳನ್ನು ಹೋಲಿಸುವಾಗ ಎರಡರ ಗಟ್ಟಿತನವನ್ನೂ ಸಮಗೊಳಿಸಬೇಕು. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಯಾವುದು ಯಾವ ಪ್ರತಿಯೆಂದು ತಿಳಿಯದಂತೆ ಮತ್ತೊಬ್ಬರಿಂದ ಬದಲಿಸಿ ಕೇಳುವುದು ಇನ್ನೂ ಉತ್ತಮ.

ಮೂರನೆಯದಾಗಿ, ಕೋಣೆಯ ಸದ್ದು. ಬೇಸಿಗೆಯಲ್ಲಿ ಬಳ್ಳಾರಿಯಂತಹ ಊರಿನಲ್ಲಿ ಫ್ಯಾನ್ ನಿಲ್ಲಿಸಿ ಸಂಗೀತ ಕೇಳುವುದು ದುಸ್ಸಾಧ್ಯ. ತಿರುಗುವ ಫ್ಯಾನಿನ ಸದ್ದೇ ಸುಮಾರು 40ರಿಂದ 50 ಡೆಸಿಬೆಲ್ ಇರುತ್ತದೆ. ಅದರ ಕೆಳಗಿನ ಸೂಕ್ಷ್ಮಗಳು 16 ಬಿಟ್‌ನಲ್ಲಿರಲಿ, 24 ಬಿಟ್‌ನಲ್ಲಿರಲಿ, ಕೇಳಿಸುವುದಿಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್, ಅಥವಾ ನಸುಕಿನ ತಂಪು ಹೊತ್ತು, ಹಲವು ಸಾವಿರ ರೂಪಾಯಿಗಳ ಉಪಕರಣಕ್ಕಿಂತ ಹೆಚ್ಚಿನ ನೆರವು ನೀಡಬಲ್ಲದು.

ಹೈ-ರೆಸ್‌ನ ನಿಜವಾದ ಸ್ಥಾನ

ಇಷ್ಟೆಲ್ಲ ಹೇಳಿದ ಮೇಲೆ ಹೈ-ರೆಸ್ ನಿರುಪಯುಕ್ತವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಅದರ ಮುಖ್ಯ ಉಪಯೋಗವಿರುವುದು ಕೇಳುವ ಕೊನೆಯಲ್ಲಲ್ಲ, ಉಳಿಸುವ ಕೊನೆಯಲ್ಲಿ. ಹಳೆಯ ಟೇಪನ್ನು ಡಿಜಿಟಲ್ ರೂಪಕ್ಕೆ ತರುವಾಗ ಧ್ವನಿಯ ಮಟ್ಟದಲ್ಲಿ ಹೆಚ್ಚುಕಡಿಮೆಯಾದರೂ ಮೂಲಕ್ಕೆ ಕುಂದಾಗದಂತೆ 24 ಬಿಟ್‌ಗಳು ಅವಕಾಶ ನೀಡುತ್ತವೆ. ಮುಂದೆ ಗೊರಗೊರ ಸದ್ದನ್ನು ತೆಗೆಯಲು, ವೇಗವನ್ನು ತಿದ್ದಲು ಹೆಚ್ಚಿನ ಮಾಹಿತಿ ನೆರವಾಗುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವು ಇಂತಹ ಕೆಲಸಕ್ಕೆ ಕನಿಷ್ಠ 24 ಬಿಟ್ ಮತ್ತು ಸೆಕೆಂಡಿಗೆ 48,000 ಅಳತೆಗಳನ್ನು ಶಿಫಾರಸು ಮಾಡಿದೆ; 24/96 ವ್ಯಾಪಕವಾಗಿ ಬಳಕೆಯಲ್ಲಿದೆ.

ಈ ಕೆಲಸವನ್ನು ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಸಂಭವಿಸಿದ ಅಗ್ನಿ ಅನಾಹುತ ಸಾಕ್ಷಿ. ಅಲ್ಲಿನ ಉಗ್ರಾಣದಲ್ಲಿದ್ದ ಅಪಾರ ಸಂಖ್ಯೆಯ ಮೂಲ ಟೇಪುಗಳು ನಾಶವಾದವೆಂದು ನ್ಯೂಯಾರ್ಕ್ ಟೈಮ್ಸ್ 2019ರಲ್ಲಿ ವರದಿ ಮಾಡಿತು. ನಷ್ಟದ ಪ್ರಮಾಣ ಅಷ್ಟಿಲ್ಲವೆಂದು ಸಂಸ್ಥೆ ಬಳಿಕ ವಾದಿಸಿತಾದರೂ ಸುಟ್ಟ ಟೇಪು ಮರಳಿ ಬರುವಂಥದ್ದಲ್ಲ. ಮೂಲ ಹೋದರೆ ಅದರಿಂದ ತೆಗೆದ ಪ್ರತಿಯೇ ಕೊನೆಯ ಮೂಲವಾಗುತ್ತದೆ.

ನಮ್ಮ ಭಾಗದ ಓದುಗರು ಯೋಚಿಸಬೇಕಾದ ಮಾತು ಇಲ್ಲಿದೆ. ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ 2014ರಲ್ಲಿ, ರಂಗಗೀತೆಗಳ ಹಿರಿಯ ದನಿ ಸುಭದ್ರಮ್ಮ ಮನ್ಸೂರ್ 2020ರಲ್ಲಿ ನಮ್ಮನ್ನು ಅಗಲಿದರು. ಇಂತಹವರ ದನಿ, ಬಯಲಾಟದ ರಾತ್ರಿಗಳು, ತತ್ವಪದ ಹಾಡುವ ಅಜ್ಜಂದಿರ ಕಂಠ ಸಿರುಗುಪ್ಪ ತಾಲ್ಲೂಕಿನ ದೇಶನೂರಿನಿಂದ ಕುರುಗೋಡಿನವರೆಗೆ ಯಾರದಾದರೂ ಮನೆಯ ಅಟ್ಟದ ಮೇಲೆ ಕ್ಯಾಸೆಟ್ಟಿನಲ್ಲಿ ಉಳಿದಿರಬಹುದು. 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು, ಧೂಳು ಹಾಗೂ ಮಳೆಗಾಲದ ತೇವ ಕಾಂತೀಯ ಟೇಪಿಗೆ ಶತ್ರುಗಳು. ಇವುಗಳಿಗೆ ಎರಡನೆಯ ಯಂತ್ರದ ಮುನ್ನೆಚ್ಚರಿಕೆಯ ಟೇಪು ಇರುವುದಿಲ್ಲ.

ವರ್ಗಾವಣೆಗೆ ಬೇಕಾದದ್ದು ಸುಸ್ಥಿತಿಯಲ್ಲಿರುವ ಕ್ಯಾಸೆಟ್ ಡೆಕ್, ಕಂಪ್ಯೂಟರಿಗೆ ಜೋಡಿಸುವ ಸಾಧಾರಣ ಧ್ವನಿ ಉಪಕರಣ ಹಾಗೂ ತಾಳ್ಮೆ. ಡೆಕ್ಕಿನ ಹೆಡ್ಡನ್ನು ಶುಚಿಗೊಳಿಸಿ, ಯಂತ್ರದ ವೇಗ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಮುದ್ರಣದಲ್ಲಿ ಹಾರ್ಮೋನಿಯಂ ಇದ್ದರೆ ಅದರ ಶ್ರುತಿಯೇ ದಾರಿ ತೋರುತ್ತದೆ. 24/96ರಲ್ಲಿ ದಾಖಲಿಸಿದ ಮೊದಲ ಪ್ರತಿಯನ್ನು ಯಾವ ತಿದ್ದುಪಡಿಗೂ ಒಳಪಡಿಸದೆ ಎರಡು ಬೇರೆ ಬೇರೆ ಕಡೆ ಕಾಪಿಡಬೇಕು. ಸದ್ದು ತೆಗೆಯುವ, ಹಿತಗೊಳಿಸುವ ಕೆಲಸವೇನಿದ್ದರೂ ನಕಲಿನ ಮೇಲೆ ನಡೆಯಲಿ. ಹಾಡಿದವರು ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಜೊತೆಗೆ ಬರೆದಿಡಬೇಕು. ಡಿಜಿಟಲ್ ರೂಪಕ್ಕೆ ತಂದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು.

ಮೈಲ್ಸ್ ಡೇವಿಸ್ ಅವರ ಆಲ್ಬಮ್ಮನ್ನು ಯಾವ ಗುಣಮಟ್ಟದಲ್ಲಿ ಕೇಳಬೇಕೆಂಬ ಆಯ್ಕೆ ನಮ್ಮದು. ಅದನ್ನು ಇಂದು ಮಾಡಬಹುದು, ಮುಂದಿನ ವರ್ಷವೂ ಮಾಡಬಹುದು. ಅಟ್ಟದ ಮೇಲಿನ ಕ್ಯಾಸೆಟ್ಟಿಗೆ ಅಷ್ಟು ಕಾಲಾವಕಾಶವಿಲ್ಲ.